ಟರ್ಬೋ ಕಾರಿಗೆ ಕಿಲೋಮೀಟರ್ ಲೆಕ್ಕ ಸಾಲದು, ಗಂಟೆ ಲೆಕ್ಕ ಇಡಿ

ಟ್ರ್ಯಾಕ್ಟರ್‌ಗೆ ಆಯಿಲ್ ಬದಲಿಸೋದು ಯಾವಾಗ ಅಂತ ಶಿಕಾರಿಪುರ, ಸೊರಬ ಕಡೆ ಯಾರನ್ನು ಕೇಳಿದರೂ ಥಟ್ಟನೆ ಗಂಟೆ ಲೆಕ್ಕ ಹೇಳ್ತಾರೆ. ಹಿಂದಿನ ಸಲ ಎಷ್ಟು ಗಂಟೆಗೆ ಬದಲಿಸಿದ್ದು, ಈಗ ಮೀಟರ್ ಎಷ್ಟು ತೋರಿಸ್ತಿದೆ, ಇನ್ನೆಷ್ಟು ಬಾಕಿ ಇದೆ, ಎಲ್ಲಾ ಬಾಯಲ್ಲೇ ಇರುತ್ತೆ. ಅದೇ ಅಂಗಳದಲ್ಲಿ ನಿಂತಿರೋ ಕಾರಿನ ಬಗ್ಗೆ ಕೇಳಿ. “ಆರು ಸಾವಿರ ಕಿಲೋಮೀಟರ್ ಓಡಿದೆ ಅಷ್ಟೇ, ಹತ್ತು ಸಾವಿರ ಆಗ್ಲಿ ತಡಿ” ಅನ್ನೋ ಉತ್ತರ ಬರುತ್ತೆ. ಆ ಆರು ಸಾವಿರ ಓಡೋಕೆ ಎಷ್ಟು ತಿಂಗಳು ಹಿಡೀತು, ಇಂಜಿನ್ ಒಟ್ಟು ಎಷ್ಟು ಗಂಟೆ ತಿರುಗಿತು ಅನ್ನೋ ಲೆಕ್ಕ ಯಾರ ಹತ್ರವೂ ಇರಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೀನಿ. ನಮ್ಮ ಕಡೆ ಟರ್ಬೋ ಕಾರುಗಳ ಇಂಜಿನ್ ಕೆಟ್ಟರೆ ಬೈಗುಳ ಟರ್ಬೋಗೆ ಬೀಳುತ್ತೆ. ಆದರೆ ಹೆಚ್ಚಿನ ಸಲ ಕಾರಣ ನಾವು ಲೆಕ್ಕ ಇಡೋ ರೀತಿ. ಹೆದ್ದಾರಿಯಲ್ಲಿ ಓಡೋ ಕಾರಿನ ಲೆಕ್ಕವನ್ನು ತೋಟಕ್ಕೂ ಡೇರಿಗೂ ಓಡಾಡೋ ಕಾರಿಗೆ ಹಾಕ್ತಾ ಇದ್ದೀವಿ. ಟ್ರ್ಯಾಕ್ಟರ್‌ಗೆ ಕೊಡೋ ಮರ್ಯಾದೆಯನ್ನು ಕಾರಿಗೂ ಕೊಟ್ಟರೆ ಅರ್ಧ ತೊಂದರೆ ಬರೋದೇ ಇಲ್ಲ.

ನಿಮ್ಮ ಗಾಡಿಯಲ್ಲೂ ಟರ್ಬೋ ಇದೆಯಾ?

ಟರ್ಬೋ ಅಂದರೆ ರೇಸ್ ಕಾರಿನ ಸಾಮಾನು ಅಂತ ಇನ್ನೂ ಕೆಲವರು ತಿಳಿದಿದ್ದಾರೆ. ಇವತ್ತು ಮಾರಾಟ ಆಗೋ ಡೀಸೆಲ್ ಕಾರುಗಳಲ್ಲೆಲ್ಲಾ ಟರ್ಬೋ ಇದೆ. ಅಡಿಕೆ ಮೂಟೆ ಹೇರಿಕೊಂಡು ಶಿವಮೊಗ್ಗ ಮಂಡಿಗೆ ಹೋಗೋ ಬೊಲೆರೋ ಪಿಕಪ್‌ನಲ್ಲಿ ಇದೆ. ಸೆಕೆಂಡ್ ಹ್ಯಾಂಡ್ ಆಗಿ ನಮ್ಮ ಹುಡುಗರು ಹುಡುಕಿಕೊಂಡು ತರೋ ಹಳೇ ಸ್ವಿಫ್ಟ್, ಡಿಜೈರ್ ಡೀಸೆಲ್‌ನ 1.3 ಲೀಟರ್ ಇಂಜಿನ್‌ನಲ್ಲೂ ಇದೆ. ಆ ಇಂಜಿನ್ ಮೂಲದಲ್ಲಿ ಫಿಯೆಟ್‌ನದು. 2020ರ ಏಪ್ರಿಲ್ 1ಕ್ಕೆ ಬಿಎಸ್-6 ನಿಯಮ ಬಂದಾಗ ಮಾರುತಿ ಡೀಸೆಲ್ ಕಾರು ಮಾಡೋದನ್ನೇ ಬಿಟ್ಟಿತು. ಈಗ ಪೆಟ್ರೋಲ್‌ನಲ್ಲೂ ನೆಕ್ಸಾನ್, ಫ್ರಾಂಕ್ಸ್, ವೆನ್ಯೂ ಥರದ ಸಣ್ಣ ಕಾರುಗಳಿಗೆ ಟರ್ಬೋ ಇಂಜಿನ್ ಸಿಗುತ್ತೆ.

ರೈತರಿಗೆ ಇದು ಹೊಸ ವಸ್ತುವೂ ಅಲ್ಲ. ಸ್ವಿಟ್ಜರ್ಲೆಂಡ್‌ನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಟರ್ಬೋಗೆ ಪೇಟೆಂಟ್ ಪಡೆದಿದ್ದ. ಅಮೆರಿಕದ ಅಲಿಸ್-ಚಾಲ್ಮರ್ಸ್ ಕಂಪನಿ 1961ರಲ್ಲಿ ಡಿ-19 ಅನ್ನೋ ಟ್ರ್ಯಾಕ್ಟರ್‌ಗೆ ಕಾರ್ಖಾನೆಯಲ್ಲೇ ಟರ್ಬೋ ಕೂರಿಸಿ ಮಾರಿತು. ಅಲ್ಲಿನ ಮೊದಲ ಟರ್ಬೋ ಕಾರುಗಳು ಅಂಗಡಿಗೆ ಬಂದಿದ್ದು ಅದರ ಮುಂದಿನ ವರ್ಷ. ಅಂದರೆ ಕಾರಿಗಿಂತ ಮೊದಲು ಟರ್ಬೋ ಹೊಲಕ್ಕೆ ಇಳಿದಿತ್ತು.

ಒಳಗೆ ನಡೆಯೋದೇನು?

ಸೈಲೆನ್ಸರ್ ಕಡೆ ಹೋಗೋ ಬಿಸಿ ಹೊಗೆ ಒಂದು ಸಣ್ಣ ಚಕ್ರವನ್ನು ತಿರುಗಿಸುತ್ತೆ. ಅದೇ ಕಡ್ಡಿಯ ಇನ್ನೊಂದು ತುದಿಯಲ್ಲಿರೋ ಚಕ್ರ ಹೊರಗಿನ ಗಾಳಿಯನ್ನು ಎಳೆದು ಇಂಜಿನ್ ಒಳಕ್ಕೆ ಒತ್ತಿ ತುಂಬುತ್ತೆ. ಹೆಚ್ಚು ಗಾಳಿ ಸಿಕ್ಕರೆ ಹೆಚ್ಚು ಇಂಧನ ಉರಿಯುತ್ತೆ, ಸಣ್ಣ ಇಂಜಿನ್ ದೊಡ್ಡ ಇಂಜಿನ್‌ನ ಕೆಲಸ ಮಾಡುತ್ತೆ. ಇಷ್ಟೇ ಟರ್ಬೋ.

ಕಷ್ಟ ಇರೋದು ಆ ಕಡ್ಡಿಗೆ. ಅದು ನಿಮಿಷಕ್ಕೆ 1 ಲಕ್ಷ ಸುತ್ತು, ಸಣ್ಣ ಟರ್ಬೋ ಆದರೆ 2 ಲಕ್ಷ ಸುತ್ತು ದಾಟಿ ತಿರುಗುತ್ತೆ. ಒಂದು ಬದಿಯಲ್ಲಿ 700–900 ಡಿಗ್ರಿ ಬಿಸಿ ಹೊಗೆ, ಇನ್ನೊಂದು ಬದಿಯಲ್ಲಿ ಹೊರಗಿನ ತಣ್ಣನೆ ಗಾಳಿ. ಸಾಮಾನ್ಯ ಟರ್ಬೋದಲ್ಲಿ ಆ ಕಡ್ಡಿಯನ್ನು ಹಿಡಿದಿಡೋಕೆ ಬಾಲ್ ಬೇರಿಂಗ್ ಇರಲ್ಲ. ಕೂದಲೆಳೆಗಿಂತ ತೆಳುವಾದ ಆಯಿಲ್ ಪದರದ ಮೇಲೆ ಅದು ತೇಲ್ತಾ ಇರುತ್ತೆ. ಆ ಆಯಿಲ್ ಬರೋದು ಇಂಜಿನ್‌ನಿಂದಲೇ. ಆಯಿಲ್ ಹಳಸಿ ಮಡ್ಡಿಯಾದರೆ, ಕಡಿಮೆಯಾದರೆ, ಬರೋದು ತಡವಾದರೆ ಮೊದಲು ಸಾಯೋದು ಟರ್ಬೋ. ಹಳೇ ಕಾಲದ ಸಾದಾ ಇಂಜಿನ್ ಕಪ್ಪು ಆಯಿಲ್‌ನಲ್ಲೂ ಇನ್ನೊಂದು ವರ್ಷ ನರಳಿಕೊಂಡು ಓಡ್ತಿತ್ತು. ಟರ್ಬೋ ಹಾಗೆ ಸಹಿಸಿಕೊಳ್ಳಲ್ಲ. ಆಯಿಲ್‌ಗೆ ಉಳಿಸಿದ್ದು ಕೆಲವು ಸಾವಿರ, ಟರ್ಬೋ ಬದಲಿಸೋಕೆ ಹೋಗೋದು ಹತ್ತಾರು ಸಾವಿರ. ಒಂದು ಬೆಳೆಯ ಲಾಭ ಗ್ಯಾರೇಜ್ ಪಾಲಾಗೋದು ಹೀಗೆ.

ಗಂಟೆ ಲೆಕ್ಕ ಹಾಕೋದು ಹೇಗೆ?

ಬಹಳಷ್ಟು ಕಾರಿನ ಪುಸ್ತಕದಲ್ಲಿ ಆಯಿಲ್ ಬದಲಾವಣೆಗೆ 10,000 ಕಿಲೋಮೀಟರ್ ಅಥವಾ 1 ವರ್ಷ, ಯಾವುದು ಮೊದಲೋ ಅದು ಅಂತ ಬರೆದಿರುತ್ತೆ. ಹೆದ್ದಾರಿಯಲ್ಲಿ ಗಂಟೆಗೆ ಸರಾಸರಿ 50 ಕಿಲೋಮೀಟರ್ ಓಡೋ ಕಾರಿಗೆ 10,000 ಕಿಲೋಮೀಟರ್ ಅಂದರೆ 200 ಗಂಟೆ. ನಮ್ಮ ಓಡಾಟ ಹೇಗಿರುತ್ತೆ? ಬೆಳಿಗ್ಗೆ ತೋಟಕ್ಕೆ 3 ಕಿಲೋಮೀಟರ್, ಡೇರಿಗೆ 2, ಗೊಬ್ಬರದ ಅಂಗಡಿಗೆ 8. ಹೊಲದ ದಾರಿಯಲ್ಲಿ ಫಸ್ಟ್, ಸೆಕೆಂಡ್ ಗೇರ್. ಶಿರಾಳಕೊಪ್ಪದ ಪೇಟೆಯೊಳಗೆ ಸಂತೆ ದಿನ ಕಾಲ್ನಡಿಗೆ ವೇಗ. ಇಂಥ ಕಾರಿನ ಸರಾಸರಿ ಗಂಟೆಗೆ 20 ಕಿಲೋಮೀಟರ್ ಇದ್ದರೆ ಅದೇ 10,000ಕ್ಕೆ ಇಂಜಿನ್ 500 ಗಂಟೆ ತಿರುಗಿರುತ್ತೆ. ಎಷ್ಟೋ ಟ್ರ್ಯಾಕ್ಟರ್‌ಗಳಿಗೆ ಆಯಿಲ್ ಬದಲಾವಣೆ ಹೇಳೋದು 250 ಗಂಟೆ ಆಸುಪಾಸಿಗೆ. ಟ್ರ್ಯಾಕ್ಟರ್‌ಗೆ 500 ಗಂಟೆ ಬಿಡೋಕೆ ಭಯ ಪಡೋ ನಾವು, ಅದಕ್ಕಿಂತ ಸೂಕ್ಷ್ಮವಾದ ಕಾರಿಗೆ ಗೊತ್ತಿಲ್ಲದೇ ಅಷ್ಟು ಗಂಟೆ ಬಿಡ್ತಾ ಇದ್ದೀವಿ.

ಲೆಕ್ಕ ಸುಲಭ. ಈಗಿನ ಹೆಚ್ಚಿನ ಕಾರುಗಳ ಮೀಟರ್ ಪರದೆಯಲ್ಲಿ ಸರಾಸರಿ ವೇಗ ತೋರಿಸೋ ಜಾಗ ಇದೆ. ಆಯಿಲ್ ಬದಲಿಸಿದ ದಿನ ಟ್ರಿಪ್ ಬಿ ಸೊನ್ನೆ ಮಾಡಿ. ಓಡಿದ ಕಿಲೋಮೀಟರ್ ಅನ್ನು ಸರಾಸರಿ ವೇಗದಿಂದ ಭಾಗಿಸಿ, ಗಂಟೆ ಸಿಗುತ್ತೆ. 4,400 ಕಿಲೋಮೀಟರ್, ಸರಾಸರಿ 22 ಅಂದರೆ 200 ಗಂಟೆ ಆಯ್ತು. ಪರದೆಯಲ್ಲಿ ವೇಗ ತೋರಿಸದ ಹಳೇ ಗಾಡಿ ಆದರೆ ಒಂದು ವಾರ ಫೋನ್‌ನಲ್ಲಿ ಶುರು ಮಾಡಿದ ಹೊತ್ತು, ನಿಲ್ಲಿಸಿದ ಹೊತ್ತು ಬರೆದಿಡಿ. ಅಂದಾಜು ಸಿಕ್ಕೇ ಸಿಗುತ್ತೆ.

ನಾನು ಇಟ್ಟುಕೊಂಡಿರೋ ನಿಯಮ ಇದು: ಕಂಪನಿ ಹೇಳಿದ ಕಿಲೋಮೀಟರ್, ಕಂಪನಿ ಹೇಳಿದ ತಿಂಗಳು, 250 ಗಂಟೆ. ಈ ಮೂರರಲ್ಲಿ ಯಾವುದು ಮೊದಲು ಬರುತ್ತೋ ಆಗ ಆಯಿಲ್ ಮತ್ತು ಆಯಿಲ್ ಫಿಲ್ಟರ್ ಎರಡೂ ಬದಲು. ಇದು ಅತಿ ಆಯ್ತು ಅನ್ನೋರು ಕಾರಿನ ಪುಸ್ತಕದ ಹಿಂದಿನ ಪುಟಗಳನ್ನು ಓದಿ. ಕಠಿಣ ಬಳಕೆ ಅಂತ ಒಂದು ಪ್ರತ್ಯೇಕ ಪಟ್ಟಿ ಬಹಳಷ್ಟು ಪುಸ್ತಕಗಳಲ್ಲಿ ಇರುತ್ತೆ. ಧೂಳಿನ ರಸ್ತೆ, ಪದೇ ಪದೇ ಸಣ್ಣ ದೂರದ ಓಡಾಟ, ಭಾರ ಎಳೆಯೋದು, ನಿಂತಲ್ಲೇ ಇಂಜಿನ್ ಓಡಿಸೋದು. ಅವರ ಕಠಿಣ ಬಳಕೆ ನಮ್ಮ ದಿನನಿತ್ಯದ ಬದುಕು. ಸರ್ವಿಸ್‌ಗೆ ಬಿಡುವಾಗ ಆ ಪಟ್ಟಿ ತೋರಿಸಿ ಕೇಳೋದು ನಮ್ಮ ಹಕ್ಕು.

ಟ್ರ್ಯಾಕ್ಟರ್ ಬಕೆಟ್‌ನ ಆಯಿಲ್ ಕಾರಿಗೆ ಬೇಡ

ಮನೆಯಲ್ಲಿ ಟ್ರ್ಯಾಕ್ಟರ್‌ಗೆ ತಂದ ಆಯಿಲ್ ಬಕೆಟ್‌ನಲ್ಲಿ ಉಳಿದಿರುತ್ತೆ. “ಆಯಿಲ್ ಆಯಿಲೇ ಅಲ್ವಾ, ಹಾಕು ಕಾರಿಗೆ” ಅಂತ ಹಿರಿಯರು ಹೇಳ್ತಾರೆ. ಪ್ರೀತಿಯಿಂದಲೇ ಬೇಡ ಅನ್ನಿ. ಟ್ರ್ಯಾಕ್ಟರ್‌ಗೆ ಹಾಕೋ 15ಡಬ್ಲ್ಯೂ-40, 20ಡಬ್ಲ್ಯೂ-40 ದಪ್ಪ ಆಯಿಲ್. ಇವತ್ತಿನ ಟರ್ಬೋ ಪೆಟ್ರೋಲ್ ಕಾರು ಕೇಳೋದು 5ಡಬ್ಲ್ಯೂ-30 ಅಥವಾ ಅದಕ್ಕಿಂತ ತೆಳುವಾದದ್ದು. ಚಳಿಗಾಲದ ಬೆಳಿಗ್ಗೆ ದಪ್ಪ ಆಯಿಲ್ ಟರ್ಬೋವರೆಗೆ ತಲುಪೋದು ನಿಧಾನ. ಅಷ್ಟು ಹೊತ್ತು ಆ ಕಡ್ಡಿ ಒಣಗಿಕೊಂಡು ಉಜ್ಜುತ್ತೆ.

ಡಬ್ಬಿ ಮೇಲಿನ ಅಕ್ಷರಗಳನ್ನೂ ನೋಡಬೇಕು. ಸಣ್ಣ ಟರ್ಬೋ ಪೆಟ್ರೋಲ್ ಇಂಜಿನ್‌ಗಳಲ್ಲಿ ಕಡಿಮೆ ವೇಗದಲ್ಲಿ ಜೋರಾಗಿ ಒತ್ತಿದಾಗ ಇಂಧನ ಹೊತ್ತಿಗೆ ಮುಂಚೆಯೇ ಹೊತ್ತಿಕೊಂಡು ಪಿಸ್ಟನ್ ಒಡೆಯೋ ಸಮಸ್ಯೆ ಇತ್ತು. ಅದನ್ನು ತಡೆಯೋಕೆ 2018ರಲ್ಲಿ ಎಪಿಐ ಎಸ್‌ಎನ್ ಪ್ಲಸ್, 2020ರಲ್ಲಿ ಎಪಿಐ ಎಸ್‌ಪಿ ಅನ್ನೋ ದರ್ಜೆಗಳು ಬಂದವು. ಬಿಎಸ್-6 ಡೀಸೆಲ್‌ನಲ್ಲಿ ಹೊಗೆ ಫಿಲ್ಟರ್ ಇದ್ದರೆ ಕಡಿಮೆ ಬೂದಿ ಬಿಡೋ ಆಯಿಲೇ ಬೇಕು, ಬೇರೆದು ಹಾಕಿದರೆ ಫಿಲ್ಟರ್ ಬೂದಿಯಿಂದ ಮುಚ್ಚಿಹೋಗುತ್ತೆ. ನಿಮ್ಮ ಪುಸ್ತಕದಲ್ಲಿ ಯಾವ ದರ್ಜೆ ಇದೆ ಅಂತ ಫೋಟೋ ತೆಗೆದು ಫೋನ್‌ನಲ್ಲಿ ಇಟ್ಟುಕೊಳ್ಳಿ. ಗ್ಯಾರೇಜ್‌ನಲ್ಲಿ ನಿಂತು, ಸೀಲ್ ಇರೋ ಡಬ್ಬಿ ನಿಮ್ಮ ಕಣ್ಣೆದುರೇ ಒಡೆಸಿ. ಬ್ಯಾರಲ್‌ನಿಂದ ಸುರಿಯೋದಾದರೆ ಯಾವ ಆಯಿಲ್ ಅಂತ ಬಿಲ್‌ನಲ್ಲಿ ಬರೆಸಿಕೊಳ್ಳಿ. ಇದು ಜಗಳ ಅಲ್ಲ, ಬಿತ್ತನೆ ಬೀಜದ ಪ್ಯಾಕೆಟ್ ಮೇಲೆ ತಳಿಯ ಹೆಸರು ನೋಡೋ ಹಾಗೆ.

ಮೆಕ್ಕೆಜೋಳದ ಧೂಳು

ಉಡುಗಣಿ, ತಾಳಗುಂದ ಕಡೆ ಮೆಕ್ಕೆಜೋಳದ ಒಕ್ಕಣೆ ಶುರುವಾದರೆ ಗಾಳಿಯೆಲ್ಲಾ ಹೊಟ್ಟು. ಚಂದ್ರಗುತ್ತಿ, ಉಳವಿ ಕಡೆ ಬೇಸಿಗೆಯಲ್ಲಿ ಕೆಮ್ಮಣ್ಣಿನ ಧೂಳು. ಟರ್ಬೋ ಇಂಜಿನ್ ಗಾಳಿಯನ್ನು ಬಲವಂತವಾಗಿ ಎಳೆಯುತ್ತೆ. ಅಷ್ಟು ವೇಗದಲ್ಲಿ ತಿರುಗೋ ಚಕ್ರದ ಅಂಚಿಗೆ ಒಂದೊಂದು ಮಣ್ಣಿನ ಕಣವೂ ಮರಳು ಕಾಗದ ಉಜ್ಜಿದ ಹಾಗೆ. ಅದಕ್ಕೇ ಏರ್ ಫಿಲ್ಟರ್ ವಿಷಯದಲ್ಲಿ ಕಂಜೂಸು ಬೇಡ.

ನಮ್ಮ ಅಭ್ಯಾಸ ಏನು? ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯನ್ನು ಜೋರಾಗಿ ಬಿಟ್ಟು ಫಿಲ್ಟರ್ ಊದಿಸೋದು. ಹೊರಗಿನಿಂದ ಊದಿದರೆ ಧೂಳು ಕಾಗದದೊಳಕ್ಕೆ ಹೊಕ್ಕುತ್ತೆ, ಹತ್ತಿರದಿಂದ ಜೋರಾಗಿ ಊದಿದರೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತೆ. ಊದಲೇಬೇಕಾದರೆ ಒಳಗಿನಿಂದ ಹೊರಕ್ಕೆ, ದೂರದಿಂದ, ಮೆಲ್ಲಗೆ. ತೊಳೆಯೋದಂತೂ ಬೇಡ. ಒಕ್ಕಣೆ ಮುಗಿದ ಮೇಲೆ ಒಂದು ಸಲ ಹೊಸದು ಹಾಕಿಬಿಡಿ. ಡಬ್ಬಿಯ ಕ್ಲಿಪ್ ಸರಿಯಾಗಿ ಕೂತಿದೆಯಾ, ರಬ್ಬರ್ ಅಂಚು ಹರಿದಿದೆಯಾ ನೋಡಿ.

ಇನ್ನೊಂದು ಜಾಗ ಇಂಟರ್‌ಕೂಲರ್. ಟರ್ಬೋ ಒತ್ತಿದ ಬಿಸಿ ಗಾಳಿಯನ್ನು ತಣ್ಣಗೆ ಮಾಡೋ ಜಾಲರಿ ಅದು, ಎಷ್ಟೋ ಕಾರುಗಳಲ್ಲಿ ಬಂಪರ್ ಹಿಂದೆ ಇರುತ್ತೆ. ಹೊಟ್ಟು, ಕೆಸರು ಕಟ್ಟಿಕೊಂಡರೆ ಪಿಕಪ್ ಕಡಿಮೆಯಾಗುತ್ತೆ. ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ, ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ಜಾಲರಿ ಬಗ್ಗುತ್ತೆ. ಅಡಿಕೆ ಕಣದ ಪಕ್ಕ ಕಾರು ನಿಲ್ಲಿಸೋರು ಇಲಿ ಕಡಿತವನ್ನೂ ಮರೀಬೇಡಿ. ಟರ್ಬೋ ಪೈಪ್ ತೂತಾದರೆ ‘ಸುಂಯ್’ ಅನ್ನೋ ಶಬ್ದ ಬರುತ್ತೆ, ಏರು ಹತ್ತೋಲ್ಲ, ಡೀಸೆಲ್ ಆದರೆ ಕಪ್ಪು ಹೊಗೆ ಬಿಡುತ್ತೆ. ಇಂಥ ಲಕ್ಷಣ ಕಂಡ ತಕ್ಷಣ ಟರ್ಬೋ ಹೋಯ್ತು ಅಂತ ಯಾರಾದರೂ ಹೇಳಿದರೆ, “ಮೊದಲು ಪೈಪ್ ನೋಡಿ ಅಣ್ಣಾ” ಅನ್ನಿ.

ಬಿಎಸ್-6 ಡೀಸೆಲ್ ಮತ್ತು ಮೂರು ಕಿಲೋಮೀಟರ್ ತೋಟ

ಬಿಎಸ್-6 ಡೀಸೆಲ್ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಅನ್ನೋ ಹೊಗೆ ಫಿಲ್ಟರ್ ಇದೆ. ಮಸಿ ಅದರಲ್ಲಿ ಸೇರುತ್ತೆ, ಆಗಾಗ 600 ಡಿಗ್ರಿ ಹತ್ತಿರ ಬಿಸಿಯಾಗಿ ಆ ಮಸಿಯನ್ನು ಸುಟ್ಟುಕೊಳ್ಳುತ್ತೆ. ಅದಕ್ಕೆ ಒಂದೇ ಸಮನೆ ಸ್ವಲ್ಪ ಹೊತ್ತು ಓಡಬೇಕು. ಮನೆಯಿಂದ ತೋಟಕ್ಕೆ ಹೋಗಿ ಬರೋಷ್ಟರಲ್ಲಿ ಇಂಜಿನ್ ಸರಿಯಾಗಿ ಬಿಸಿಯೇ ಆಗಿರಲ್ಲ. ಸುಡೋಕೆ ಶುರು ಮಾಡಿ ಅರ್ಧಕ್ಕೆ ನಿಂತರೆ, ಅದಕ್ಕಾಗಿ ಹೆಚ್ಚಿಗೆ ಬಿಟ್ಟ ಡೀಸೆಲ್ ಆಯಿಲ್‌ಗೆ ಸೇರುತ್ತೆ. ಆಯಿಲ್ ಕಡ್ಡಿ ಎಳೆದು ನೋಡಿದಾಗ ಮಟ್ಟ ಮೇಲಿನ ಗೆರೆ ದಾಟಿದ್ದರೆ ಖುಷಿ ಪಡಬೇಡಿ. ಅದು ಡೀಸೆಲ್ ಬೆರೆತು ನೀರಾದ ಆಯಿಲ್, ಟರ್ಬೋಗೆ ವಿಷ. ಕೂಡಲೇ ಬದಲಿಸಿ.

ಪರಿಹಾರ ದೊಡ್ಡದಲ್ಲ. ವಾರಕ್ಕೊಮ್ಮೆ ಹೇಗೂ ಶಿವಮೊಗ್ಗಕ್ಕೋ ಸಾಗರಕ್ಕೋ ಕೆಲಸ ಇರುತ್ತೆ. ಆ ದಿನ ಇದೇ ಗಾಡಿ ತಗೊಂಡು ಹೋಗಿ, ರಸ್ತೆ ಬಿಡುವಾಗಿರೋ ಕಡೆ 60ರ ಮೇಲೆ ಒಂದೇ ವೇಗದಲ್ಲಿ 20–25 ನಿಮಿಷ ಓಡಿಸಿ. ಡಿಪಿಎಫ್ ದೀಪ ಹತ್ತಿದರೆ ಪುಸ್ತಕ ನೋಡಿ ಅದೇ ದಿನ ಈ ಕೆಲಸ ಮಾಡಿ. “ಅದನ್ನ ಬಿಚ್ಚಿ ಎಸೀರಿ” ಅನ್ನೋ ಸಲಹೆ ಕೇಳಬೇಡಿ, ಕಾನೂನಿಗೂ ವಿರುದ್ಧ, ಹೊಗೆ ಕುಡಿಯೋದು ನಮ್ಮ ಮಕ್ಕಳೇ. ಮತ್ತೊಂದು ಎಚ್ಚರಿಕೆ: ಬಿಸಿಯಾದ ಗಾಡಿಯನ್ನು ಒಣಹುಲ್ಲು, ಮೆಕ್ಕೆಜೋಳದ ರವದಿ ಮೇಲೆ ನಿಲ್ಲಿಸಬೇಡಿ. ಬೆಂಕಿ ಹತ್ತೋಕೆ ಕಿಡಿಯೇ ಬೇಕಿಲ್ಲ, ಅಡಿಯ ಆ ಬಿಸಿ ಸಾಕು.

ಶುರು ಮಾಡುವಾಗ, ನಿಲ್ಲಿಸುವಾಗ

ಬೆಳಿಗ್ಗೆ ಶುರು ಮಾಡಿದ ಕೂಡಲೇ ಎಕ್ಸಲರೇಟರ್ ಒತ್ತಿ ಗರ್ಜನೆ ಮಾಡಿಸೋದು ಬೇಡ. ಅರ್ಧ ನಿಮಿಷ ಬಿಟ್ಟು ಮೆಲ್ಲಗೆ ಹೊರಡಿ, ಬಿಸಿ ಮುಳ್ಳು ಮೇಲೆ ಬರೋವರೆಗೆ ಜೋರು ಬೇಡ. ಭಾರ ಹೇರಿಕೊಂಡು ಘಾಟಿ ಹತ್ತಿ ಬಂದಾಗ, ಹೆದ್ದಾರಿಯಲ್ಲಿ ಜೋರಾಗಿ ಬಂದು ಹೋಟೆಲ್ ಮುಂದೆ ನಿಲ್ಲಿಸಿದಾಗ ಒಂದು ನಿಮಿಷ ಇಂಜಿನ್ ಓಡ್ತಾ ಇರಲಿ. ತಕ್ಷಣ ಆಫ್ ಮಾಡಿದರೆ ಕೆಂಪಗೆ ಕಾದ ಟರ್ಬೋ ಒಳಗೆ ಆಯಿಲ್ ನಿಂತಲ್ಲೇ ಸುಟ್ಟು ಕರಿಯಾಗುತ್ತೆ. ಊರೊಳಗೆ ಮೆಲ್ಲಗೆ ಬಂದು ಮನೆ ಮುಂದೆ ನಿಲ್ಲಿಸಿದರೆ ಇದ್ಯಾವುದೂ ಬೇಡ. ಐದು, ಹತ್ತು ನಿಮಿಷ ನಿಂತಲ್ಲೇ ಓಡಿಸೋದು ಡೀಸೆಲ್ ದಂಡ.

“ಹಳೇ ಇಂಜಿನ್ನೇ ಗಟ್ಟಿ ಮಾರಾಯ”

ಈ ಮಾತಿಗೆ ನನ್ನ ಗೌರವ ಇದೆ, ಅದರಲ್ಲಿ ಅರ್ಧ ಸತ್ಯವೂ ಇದೆ. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಕಂಪನಿ ಜೆಟ್‌ಫೈರ್ ಅನ್ನೋ ಟರ್ಬೋ ಕಾರು ತಂದಿತು. ಅದಕ್ಕೆ ನೀರು, ಮೆಥನಾಲ್ ಬೆರೆಸಿದ ಒಂದು ದ್ರವವನ್ನು ಆಗಾಗ ತುಂಬಬೇಕಿತ್ತು. ಎಷ್ಟೋ ಮಾಲೀಕರು ತುಂಬಲೇ ಇಲ್ಲ. ಎರಡೇ ವರ್ಷದಲ್ಲಿ ಕಾರು ನಿಂತುಹೋಯ್ತು, ಎಷ್ಟೋ ಕಾರುಗಳ ಟರ್ಬೋ ಬಿಚ್ಚಿ ಸಾದಾ ಕಾರ್ಬುರೇಟರ್ ಕೂರಿಸಿದರು. ಆರೈಕೆ ಕೇಳೋ ಯಂತ್ರವನ್ನು ಆರೈಕೆ ಮಾಡದವರ ಕೈಗೆ ಕೊಟ್ಟರೆ ಏನಾಗುತ್ತೆ ಅಂತ ಆಗಲೇ ಗೊತ್ತಾಗಿತ್ತು.

ಅದಕ್ಕೇ ಕೊಳ್ಳೋ ಮುಂಚೆ ನಿಮ್ಮ ಓಡಾಟ ನೋಡಿಕೊಳ್ಳಿ. ದಿನಕ್ಕೆ ಏಳೆಂಟು ಕಿಲೋಮೀಟರ್, ಅದೂ ತುಂಡು ತುಂಡಾಗಿ, ತಿಂಗಳಿಗೊಮ್ಮೆ ಮಾತ್ರ ದೂರ ಅನ್ನೋರಿಗೆ ಟರ್ಬೋ ಇಲ್ಲದ ಸಾದಾ ಪೆಟ್ರೋಲ್ ಕಾರೇ ಒಳ್ಳೇದು. ಶೋರೂಮ್‌ನಲ್ಲಿ ಪಿಕಪ್ ತೋರಿಸಿ ಮರುಳು ಮಾಡಿದರೂ ಬೇಡ ಅನ್ನಿ. ವಾರಕ್ಕೆರಡು ಸಲ ಮಂಡಿಗೆ ಭಾರ ಒಯ್ಯೋರು, ದೇವಿಮನೆ, ಹುಲಿಕಲ್ ಘಾಟಿಯಲ್ಲಿ ಓಡಾಡೋರು ಟರ್ಬೋ ಡೀಸೆಲ್ ತಗೊಳ್ಳಿ, ಅದು ಹುಟ್ಟಿದ್ದೇ ಆ ಕೆಲಸಕ್ಕೆ. ಹಳೇ 1.3 ಡೀಸೆಲ್‌ನಲ್ಲಿ ಎರಡು ಲಕ್ಷ ಕಿಲೋಮೀಟರ್ ದಾಟಿದ ಟ್ಯಾಕ್ಸಿಗಳು ನಮ್ಮ ಕಣ್ಣ ಮುಂದೆಯೇ ಓಡ್ತಿವೆ. ಅವು ಬಿಸಿಯಾಗಿ, ದೂರ ಓಡಿ, ಹೊತ್ತಿಗೆ ಸರಿಯಾಗಿ ಆಯಿಲ್ ಕಂಡಿವೆ.

ಸೆಕೆಂಡ್ ಹ್ಯಾಂಡ್ ಕೊಳ್ಳೋರಿಗೂ ಇದೇ ಮಾತು. “ಬರೀ 40 ಸಾವಿರ ಓಡಿದೆ” ಅನ್ನೋದಕ್ಕೆ ಮರುಳಾಗಬೇಡಿ. ಎಷ್ಟು ವರ್ಷದಲ್ಲಿ ಓಡಿತು, ಎಷ್ಟು ಸಲ ಆಯಿಲ್ ಬದಲಾಗಿದೆ, ಬಿಲ್ ಎಲ್ಲಿ ಅಂತ ಕೇಳಿ. ಆಯಿಲ್ ತುಂಬೋ ಮುಚ್ಚಳ ತೆಗೆದು ಒಳಗೆ ಮಡ್ಡಿ ಕಟ್ಟಿದೆಯಾ ನೋಡಿ. ಸ್ವಲ್ಪ ಹೊತ್ತು ನಿಂತಲ್ಲೇ ಓಡಿಸಿ ಎಕ್ಸಲರೇಟರ್ ಒತ್ತಿದಾಗ ನೀಲಿ ಹೊಗೆ ಬಂದರೆ ಇಂಜಿನ್ ಅಥವಾ ಟರ್ಬೋ ಆಯಿಲ್ ಕುಡೀತಿದೆ ಅಂತ. ಬಿಲ್ ಇರೋ 90 ಸಾವಿರದ ಗಾಡಿ, ಬಿಲ್ ಇಲ್ಲದ 40 ಸಾವಿರದ ಗಾಡಿಗಿಂತ ನನ್ನ ಕಣ್ಣಿಗೆ ಮೇಲು.

ಈ ವಾರ ಮೂರು ಕೆಲಸ ಮಾಡಿ. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಪುಸ್ತಕದಲ್ಲಿ ಹೇಳಿದ ಹಾಗೆ ಆಯಿಲ್ ಕಡ್ಡಿ ನೋಡಿ ಫೋಟೋ ತೆಗೆಯಿರಿ. ಹಿಂದಿನ ಆಯಿಲ್ ಬಿಲ್ ಹುಡುಕಿ ಅವತ್ತಿಂದ ಎಷ್ಟು ಗಂಟೆ ಆಯ್ತು ಅಂತ ಅಂದಾಜು ಹಾಕಿ. 250 ದಾಟಿದ್ದರೆ ಗ್ಯಾರೇಜ್‌ಗೆ ದಿನ ಗೊತ್ತು ಮಾಡಿ, ದಾಟಿಲ್ಲದಿದ್ದರೆ ಯಾವ ತಿಂಗಳು ದಾಟುತ್ತೋ ಆ ತಿಂಗಳಿಗೆ ಫೋನ್‌ನಲ್ಲಿ ಅಲಾರಂ ಇಡಿ. ಅಡಿಕೆ ಕೊಯ್ಲು ಶುರುವಾದ ಮೇಲೆ ಗಾಡಿ ಕೈಕೊಟ್ಟರೆ ಬಾಡಿಗೆ ಗಾಡಿಯೂ ಸಿಗಲ್ಲ, ಗ್ಯಾರೇಜ್‌ನಲ್ಲಿ ಜಾಗವೂ ಇರಲ್ಲ.